ಗುಂಡಿ ಡಬ್ಬಿಯ ಬಸ್ ಕಾರ್ಡುಗಳು

ಟೈಲರಮ್ಮನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಕೆಟ್ಟು ನಿಂತ ಗಡಿಯಾರ. ಗಡಿಯಾರ ರಿಪೇರಿಯೇ ಅವನ ಕಸುಬು, ನಿಜ. ಆದರೆ ಗಿರಾಕಿಗಳು ತಂದದ್ದು ಸಾಲದೆಂದು ಗುಜರಿಯಲ್ಲಿ ಬಿದ್ದದ್ದನ್ನೂ ಕೊಂಡು ತರುತ್ತಿದ್ದ. ಹಾಸಿಗೆಯಡಿ ಇಡಲಿ, ಬೀರುವಿನ ಹಿಂದೆ ಇಡಲಿ, ಹೆಂಡತಿಯ ದುಡ್ಡಿನ ವಾಸನೆ ಅವನ ಮೂಗಿಗೆ ಬಡಿಯುತ್ತಿತ್ತು. ಇತ್ತ ಅವಳ ಹಳೆಯ ಹೊಲಿಗೆ ಮೆಷಿನ್ ನಾಲ್ಕು ಹೊಲಿಗೆ ಹಾಕಿ ಐದನೆಯದನ್ನು ನುಂಗುತ್ತಿತ್ತು. ಸ್ವಲ್ಪ ನೋಡಿ ಎಂದರೆ ಗಂಡನದು ಒಂದೇ ಉತ್ತರ: ನಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಈ ಗಿಡವಂತೂ ರೋಗಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಅಂಗಡಿಗೆ ಜಾರತೊಡಗಿದಾಗ ಟೈಲರಮ್ಮ ಹೊಸ ಮೆಷಿನ್ ಕೊಂಡೇ ತೀರುವೆನೆಂದು ಹಟ ತೊಟ್ಟಳು.

ಉಪಾಯ ಹೇಳಿಕೊಟ್ಟವಳು ನಾದಿನಿ. "ಅತ್ತಿಗೆ, ದುಡ್ಡನ್ನ ಬಸ್ ಕಾರ್ಡಿಗೆ ಹಾಕಿಡಿ. ಅಣ್ಣ ಎಲ್ಲಿಗೆ ಹೋದ್ರೂ ನಡ್ಕೊಂಡೇ ಹೋಗೋದು. ಅದನ್ನ ಮುಟ್ಟಿಯೂ ನೋಡಲ್ಲ."

ಮಾತು ಸರಿಯಾಗಿಯೇ ಇತ್ತು. ಒಂದು ಕಾರ್ಡು ತುಂಬಿದರೆ ಟೈಲರಮ್ಮ ಇನ್ನೊಂದು ಕೊಂಡಳು. ಎಲ್ಲವನ್ನೂ ಗುಂಡಿ ಡಬ್ಬಿಯ ತಳದಲ್ಲಿ ಹುಗಿದಿಟ್ಟಳು. ಮೆಷಿನ್‌ಗೆ ಆಗುವಷ್ಟು ಸೇರಿತೆನಿಸಿದ ದಿನ, ಒಳ್ಳೆಯ ಸೀರೆಯುಟ್ಟು ಬಸ್ ನಿಲ್ದಾಣದ ಕೌಂಟರಿಗೆ ಹೋದಳು.

"ಕಾರ್ಡಲ್ಲಿರೋದು ವಾಪಸ್ ಬರಲ್ಲಮ್ಮ," ಎಂದಳು ಕೌಂಟರಿನ ಹುಡುಗಿ, ಪಾಪ, ಮೆತ್ತಗೆ. "ಓಡಾಡೋಕೆ ಮಾತ್ರ. ಪ್ರತಿ ಕಾರ್ಡಿಗೂ ಠೇವಣಿ ಹಿಡ್ಕೊಂಡಿರ್ತಾರೆ, ಅದೂ ಬರಲ್ಲ."

"ವಾಪಸ್ ಬರದೇ ಇದ್ರೆ ಅದನ್ನ ಠೇವಣಿ ಅಂತ ಯಾಕೆ ಕರೀತೀರಿ?"

ಹುಡುಗಿ ಕಾರ್ಡನ್ನು ಯಂತ್ರಕ್ಕೆ ಹಿಡಿದು ನೋಡಿದಳು. "ಆಮೇಲೆ ನೀವು ಬಳಸೇ ಇಲ್ಲ ನೋಡಿ, ಅದಕ್ಕೂ ತಿಂಗಳು ತಿಂಗಳು ಶುಲ್ಕ ಹೋಗಿದೆ. ಎಲ್ಲಾ ಕಾರ್ಡ್ ಹಿಂದೆ ಬರೆದಿದೆ."

ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಹೆಂಗಸು ಕಾರ್ಡನ್ನು ತಿರುಗಿಸಿ ಮೂಗಿಗೆ ಹಿಡಿದಳು. ಕಂಡದ್ದು ಇರುವೆ ಸಾಲು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಗೊಣಗಿಕೊಂಡು, ಇಷ್ಟು ದಿನ ನಡೆದವಳು ಅಂದು ಹಟಕ್ಕೆಂದೇ ಬಸ್ಸು ಹತ್ತಿದಳು.

ಮುಂದಿನ ನಿಲ್ದಾಣದಲ್ಲಿ ಮುದುಕರೊಬ್ಬರು ನೋಟು ಹಿಡಿದುಕೊಂಡು ಹತ್ತಿದರು. ಬಸ್ಸಿನಲ್ಲಿ ನೋಟು ನಡೆಯುವುದಿಲ್ಲ. ಡ್ರೈವರ್ ಹಿಂದೆ ತಿರುಗಿ, "ಯಾರಾದ್ರೂ ಕಾರ್ಡ್ ಇದ್ದೋರು ಇವರಿಗೆ ತಟ್ಟಿ ಕೊಡ್ರಪ್ಪ!" ಎಂದ. ಟೈಲರಮ್ಮ ತನ್ನ ಕಾರ್ಡನ್ನು ಬಾಗಿಲ ಬಳಿಯ ಟಿಕೆಟ್ ಯಂತ್ರಕ್ಕೆ ತಟ್ಟಿದಳು. ಮುದುಕರು ನೋಟನ್ನು ಅವಳ ಕೈಗಿಟ್ಟರು. ಅವಳು ನೋಟನ್ನು ನೋಡಿದಳು, ಕಾರ್ಡನ್ನು ನೋಡಿದಳು, ಒಬ್ಬಳೇ ಜೋರಾಗಿ ನಕ್ಕಳು.

ಮರುದಿನದಿಂದ ಕೈಹೊಲಿಗೆಯ ಕೆಲಸವೆಲ್ಲ ಬಸ್ಸಿಗೆ ವರ್ಗವಾಯಿತು. ಬಾಗಿಲ ಬಳಿಯ ಸೀಟಿನಲ್ಲಿ ಕೂತು ಗುಂಡಿಗಳಿಗೆ ಕಾಜಾ ಹೊಲಿಯುವುದು, ಕಾರ್ಡಿಲ್ಲದವರು ಹತ್ತಿದರೆ ತಟ್ಟಿ ದುಡ್ಡು ಇಸ್ಕೊಳ್ಳುವುದು. ಟಿಕೆಟ್ಟಿನ ದುಡ್ಡಿಗಿಂತ ಒಂದು ಕಾಸು ಹೆಚ್ಚು ಮುಟ್ಟಲಿಲ್ಲ. ಡ್ರೈವರ್ ಅವಳಿಗೆ "ನಮ್ಮ ಕಂಡಕ್ಟ್ರಮ್ಮ" ಎಂದು ಹೆಸರಿಟ್ಟ. ಗಂಡ ಕೇಳಿದರೆ, "ಕಾಜಾಕ್ಕೆ ಬೆಳಕು ಬೇಕು, ಮನೇಲಿ ಕತ್ತಲೆ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಆಳೆತ್ತರದ ಗಡಿಯಾರವೊಂದು ತಾನಾಗಿ ಬಸ್ಸು ಹತ್ತಿತು. ಅದರ ಹಿಂದಿನಿಂದ ಏದುಸಿರಿನ ಧ್ವನಿ: "ಅಮ್ಮಾ, ಹೊತ್ತು ನಡಿಯೋಕಾಗ್ಲಿಲ್ಲ. ಸ್ವಲ್ಪ ತಟ್ಟಿ ಕೊಡ್ತೀರಾ?"

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಧಾರಾಳವಾಗಿ. ಟಿಕೆಟ್ ದುಡ್ಡು, ಸಾಮಾನಿನ ಶುಲ್ಕ, ಬಾಗಿಲಿಗೆ ಅಡ್ಡ ನಿಂತಿದ್ದಕ್ಕೆ ಶುಲ್ಕ, ಇಷ್ಟು ದಿನ ಬಸ್ ಹತ್ತದೇ ಇದ್ದಿದ್ದಕ್ಕೆ ಶುಲ್ಕ."

ಗಡಿಯಾರದ ಪಕ್ಕದಿಂದ ಗಂಡನ ಮುಖ ಇಣುಕಿತು, ಬಣ್ಣವಿಳಿದಿತ್ತು. "ನೀನಾ? ಇದ್ದಿದ್ದೆಲ್ಲಾ ಇದಕ್ಕೇ ಕೊಟ್ಟುಬಿಟ್ಟೆ ಕಣೆ."

"ಹಾಗಾದ್ರೆ ಗಡಿಯಾರ ಠೇವಣಿ ಇರಲಿ. ನನ್ನ ಮೆಷಿನ್ ಸರಿಯಾಗಿ ಹೊಲಿದ ದಿನ ವಾಪಸ್."

ಬಸ್ಸಿಗೆ ಬಸ್ಸೇ ನಕ್ಕಿತು. ಅವನು ನಗಲಿಲ್ಲ. ಪಕ್ಕದಲ್ಲಿ ಕೂತು ಕಾರ್ಡಿನ ಕಥೆಯೆಲ್ಲ ಕೇಳಿದ. ತನ್ನಿಂದ ಬಚ್ಚಿಡಲು ಹೆಂಡತಿ ಬಸ್ಸಿನ ಮೊರೆ ಹೋಗಿದ್ದಳೆಂದು ಅವನಿಗೆ ನಿಜವಾಗಿ ನೋವಾಯಿತು. "ನಂಗೆ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ನಾಳೆ ಅಂದ್ರಿ."

ಆ ಸಂಜೆಯೇ ಅವನು ಮೆಷಿನ್ ಬಿಚ್ಚಿದ. ದಾರವನ್ನು ಬಿಗಿಹಿಡಿಯುವ ಸಣ್ಣ ಸ್ಪ್ರಿಂಗ್ ಸತ್ತುಹೋಗಿತ್ತು. ಆ ಹಳೆಯ ಮಾದರಿಯದು ಪೇಟೆಯಲ್ಲಿ ಸಿಗುವಂತಿರಲಿಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಎದ್ದು ಹೋಗಿ, ಮುದ್ದಿನ ಹೊಸ ಗಡಿಯಾರದ ಹೊಟ್ಟೆ ತೆರೆದು, ಗಂಟೆ ಬಾರಿಸುವ ಭಾಗದ ತಂತಿಯೊಂದನ್ನು ಕತ್ತರಿಸಿ, ಬಾಗಿಸಿ ಕೂರಿಸಿದ. ಟೈಲರಮ್ಮ ಕಾಲಿಟ್ಟು ತುಳಿದಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಅವಳ ಕಣ್ಣು ತುಂಬಿತು. ಅದನ್ನು ಅವನೂ ನೋಡಿದ.

"ಹೊಲೀತಲ್ಲ, ಈಗ ಠೇವಣಿ ವಾಪಸ್ ಕೊಡು," ಎಂದ.

"ಠೇವಣಿ ಯಾವತ್ತಾದ್ರೂ ವಾಪಸ್ ಬರುತ್ತಾ? ಕಾರ್ಡ್ ಹಿಂದೆ ಓದ್ಕೊಳ್ಳಿ."

ಅವನ ಕೈಯಲ್ಲಿ ರಿಪೇರಿಯಾದ ಆ ಮೂಕ ಗಡಿಯಾರ ಈಗ ಅವಳ ಅಂಗಡಿಯ ಗೋಡೆಗಾನಿಕೊಂಡು ನಿಂತಿದೆ. ಹೊತ್ತು ಸರಿಯಾಗಿ ತೋರಿಸುತ್ತದೆ, ಗಂಟೆ ಮಾತ್ರ ಹೊಡೆಯುವುದಿಲ್ಲ. ಹೊಸ ಮೆಷಿನ್ ಬೇಕಾಗಲಿಲ್ಲ. ಕಾರ್ಡುಗಳಲ್ಲಿ ಉಳಿದದ್ದನ್ನು ಹಾಗೇ ಬಿಟ್ಟರೆ ಬಳಸದ ಶುಲ್ಕ ತಿಂದುಹಾಕುತ್ತದಲ್ಲ. ಹಾಗಾಗಿ ರಜೆಯ ದಿನ ಗಂಡಹೆಂಡಿರು ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿಬರುತ್ತಾರೆ. ಅವಳೇ ಎರಡು ಸಲ ತಟ್ಟುತ್ತಾಳೆ, ಅವನು ಕಿಟಕಿಯ ಸೀಟು ಅವಳಿಗೆ ಬಿಡುತ್ತಾನೆ.