ಕುಲುಮೆ ನಿಂತ ಮಧ್ಯಾಹ್ನ

ಬದಲಿ ಆಳು ಕಾಮಾಲೆ ಬಂದು ಮಲಗಿದ್ದರಿಂದ ನಂಜಪ್ಪನ್ ಪಾಳಿಯ ಮೇಲೆ ಪಾಳಿ ಮಾಡುತ್ತಿದ್ದ. ತಮಿಳುನಾಡಿನ ಕಾಂಗೇಯಂ ಊರಿನ ಆಚೆ, ಬಯಲಿನ ಕಾರ್ಖಾನೆಯಲ್ಲಿ ಅವನು ಕುಲುಮೆ ಕಾಯುವವ. ತೆಂಗಿನ ಚಿಪ್ಪಿನ ಇದ್ದಿಲನ್ನು ಅಡ್ಡ ಮಲಗಿಸಿದ ದೊಡ್ಡ ಉಕ್ಕಿನ ಕೊಳವೆಯೊಳಗೆ ಉರುಳಿಸುತ್ತ, ಕೆಂಡವಾದ ಮೇಲೆ ಹಬೆ ಊದಬೇಕು. ಆಗ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ; ನೀರು ಸೋಸುವಾಗ ಕೊಳೆ ಹೀರುವುದು ಅವೇ.

ಜೊತೆಯವನು ಸೆಲ್ಲಮುತ್ತು, ತಂಗಿಯ ಗಂಡ. ತಂಗಿ ಶಿವಗಾಮಿ ಪುಟ್ಟ ಮಗಳು ಯಾಳಿನಿಯನ್ನು ಬಿಟ್ಟು ತೀರಿಕೊಂಡು ವರ್ಷ ತುಂಬುವ ಮೊದಲೇ ಅವನು ಇನ್ನೊಂದು ಮದುವೆಯಾದ. ಅಂದಿನಿಂದ ಭಾವ ಮೈದುನರಿಗೆ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಇದ್ದಿಲು ಹೊರುವ ಪೊನ್ನಾತ್ತಾಳ ಬಾಯಲ್ಲೇ ಹೇಳಿಸುತ್ತಿದ್ದರು.

"ಹಬೆ ಕಮ್ಮಿ ಮಾಡು ಅಂತ ಆ ಮದುಮಗನಿಗೆ ಹೇಳಕ್ಕಾ."

"ನಾನೇನು ನಿಮ್ಮಿಬ್ಬರ ಟೆಲಿಫೋನಾ? ಎದುರಿಗೇ ನಿಂತವ್ನೆ, ನೀನೇ ಬಾಯಿ ಬಿಡು!"

ಆ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕುಲುಮೆ ನಿಂತಿತು. ಕೆಂಪಗೆ ಕಾದ ಕೊಳವೆ ನಿಂತಲ್ಲೇ ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿದರೆ ತಿಂಗಳುಗಟ್ಟಲೆ ಯಾರಿಗೂ ಕೆಲಸವಿಲ್ಲ. ಪೊನ್ನಾತ್ತಾಳ್ ಮೆಕ್ಯಾನಿಕ್ಕನ್ನು ಕರೆಯಲು ಓಡಿದಳು. ನಂಜಪ್ಪನ್ ಹಬೆಯ ತಿರುಪು ಮುಚ್ಚಿ ಬರುವಷ್ಟರಲ್ಲಿ ಸೆಲ್ಲಮುತ್ತು ಕೊಳವೆಯನ್ನು ಕೈಯಿಂದ ತಿರುಗಿಸುವ ಹಲ್ಲುಚಕ್ರದ ಹಿಡಿಕೆಗೆ ಜೋತುಬಿದ್ದಿದ್ದ. ಅದು ಒಬ್ಬನಿಂದ ಅಲ್ಲಾಡುವಂಥದ್ದಲ್ಲ.

"ಭಾವಾ, ಹಿಡ್ಕೊಳ್ಳಿ!"

ನಂಜಪ್ಪನ್ ಹಿಡಿದ. ಕೊಳವೆ ನರಳುತ್ತ ಕೊಂಚ ಕೊಂಚವೇ ತಿರುಗಿತು. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಸೋತ ಮೈಯಲ್ಲಿ ಬಿಗುಮಾನಕ್ಕೂ ತ್ರಾಣ ಉಳಿಯಲಿಲ್ಲವೋ ಏನೋ, ವರ್ಷಗಳಿಂದ ಗಂಟಲಲ್ಲಿದ್ದ ಮಾತು ಹೊರಬಿತ್ತು.

"ವರ್ಷ ತುಂಬೋವರೆಗಾದ್ರೂ ತಡೀಬಾರ್ದಿತ್ತೇನೋ?"

ಸೆಲ್ಲಮುತ್ತು ಏದುಸಿರು ಬಿಡುತ್ತಲೇ ಹೇಳಿದ. "ಯಾಳಿನೀನ ಒಳಗೆ ಕೂಡಿಹಾಕಿ, ಬೀಗ ಜಡಿದು ಪಾಳಿಗೆ ಬರ್ತಿದ್ದೆ ಭಾವಾ. ಬೀದಿ ಕೊನೇವರೆಗೂ ಬಾಗಿಲು ಬಡಿಯೋದು ಕೇಳಿಸೋದು."

"ನಮ್ಮನೇಲಿ ಬಿಡೋಕೇನಾಗಿತ್ತು?"

"ಬಂದಿದ್ನಲ್ಲ. ಮಗೂನ ಎತ್ಕೊಂಡು ಬಂದಿದ್ದೆ. ನೀವು ಜಗಲಿ ಮೇಲೆ ಮಲಗಿದ್ರಿ. 'ಈಗಷ್ಟೇ ಪಾಳಿ ಮುಗಿಸಿ ಬಂದಿದೀನಿ, ಆಮೇಲೆ ನೋಡೋಣ ಹೋಗು' ಅಂದ್ರಿ."

ನಂಜಪ್ಪನ್‌ಗೆ ಅದು ನೆನಪೇ ಇರಲಿಲ್ಲ. ಸುಳ್ಳು ಎನ್ನಲು ಹೊರಟವನಿಗೆ, ಅಂದಿರುತ್ತೇನೆ ಅನ್ನಿಸಿತು. ಆ ಮಾತನ್ನು ಅವನು ಹೆಂಡತಿಗೆ, ಮಕ್ಕಳಿಗೆ, ಕೊನೆಗೆ ಕಾಯಿಲೆ ಮಲಗಿದ್ದ ಶಿವಗಾಮಿಗೂ ಹೇಳಿದ್ದುಂಟು. ಹಿಡಿಕೆಯನ್ನು ಇನ್ನಷ್ಟು ಬಲವಾಗಿ ನೂಕಿದ.

ಮೆಕ್ಯಾನಿಕ್ ಬಂದು ಜನರೇಟರ್ ಹೊಡೆದೆಬ್ಬಿಸುವ ಹೊತ್ತಿಗೆ ಇಬ್ಬರ ಅಂಗೈಯೂ ಬೊಬ್ಬೆಯೆದ್ದು ಒಡೆದಿತ್ತು. ಕೊಳವೆ ನೇರವಾಗಿಯೇ ತಿರುಗಿತು. ಒಳಗಿದ್ದ ಮಾಲು ಮಾತ್ರ ಕೆಟ್ಟಿತು. ಪೊನ್ನಾತ್ತಾಳ್ ಮಜ್ಜಿಗೆ ತಂದಳು. ಬೆರಳು ಮಡಚಲಾಗದೆ ಇಬ್ಬರೂ ಲೋಟವನ್ನು ಅಂಗೈಗಳ ಅಂಚಿನಲ್ಲಿ ಒತ್ತಿ ಹಿಡಿದು ಕುಡಿದರು.

"ಭಾನುವಾರ ಯಾಳಿನೀನ ಕರ್ಕೊಂಡು ಬಾ," ಎಂದ ನಂಜಪ್ಪನ್.

"ಅವಳ ಅಮ್ಮನೂ ಬರ್ತಾಳೆ."

ಅಮ್ಮ ಎಂದರೆ ಆ ಎರಡನೆಯ ಹೆಂಡತಿ. ನಂಜಪ್ಪನ್ ಲೋಟದಲ್ಲಿ ಉಳಿದಿದ್ದ ಮಜ್ಜಿಗೆ ಮುಗಿಸಿದ.

"ಬರ್ಲಿ," ಎಂದ. ಕುಲುಮೆಗೆ ಮತ್ತೆ ಹಬೆ ಬಿಡುವ ಹೊತ್ತಾಗಿತ್ತು. ಗೋಡೆ ಹಿಡಿದು ಎದ್ದ.