ಇಸ್ತ್ರಿ ಹಾಡು

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದ ಮೇಲೆ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸ್ಸು ಕಳಿಸುವವಳು. ಊರಿನಲ್ಲಿ ವಯಸ್ಸಾದ ಅರ್ಧ ಜನ ನಗುವುದು ನನ್ನ ಹಲ್ಲಿನಲ್ಲಿ. ಅವರಲ್ಲಿ ಒಬ್ಬರಿಗೂ ನನ್ನ ಮುಖ ಗೊತ್ತಿಲ್ಲ, ನನಗೂ ಅವರ ದವಡೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಎರಡನೆಯ ಗುಂಪಿನವರೇ ನನಗೆ ಅನ್ನ ಹಾಕುವವರು.

ಉಜ್ಜುವ ಯಂತ್ರ ಕಿವಿಯ ಪಕ್ಕದಲ್ಲೇ ಕಿರುಚುತ್ತದೆ. ಕಿವಿಗೆ ಏನಾದರೂ ಇಟ್ಟುಕೊಳ್ಳಮ್ಮ ಎಂದು ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿದ್ದರು. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಈಗ ಎರಡೂ ಬಿಡುವ ಕಿವಿಗಳೇ ಆಗಿವೆ. ಮೊನ್ನೆ ಕಿವಿ ಡಾಕ್ಟರು ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಕಾಗದದ ಮೇಲೆ ಇಳಿಜಾರಾಗಿ ಬಿದ್ದ ಒಂದು ಗೆರೆ ತೋರಿಸಿದರು.

"ಎಡಗಿವಿ ಹೆಚ್ಚುಕಮ್ಮಿ ಮುಗೀತು. ಬಲಗಿವಿ ಇನ್ನೂ ಸ್ವಲ್ಪ ಕಾಲ ಬರುತ್ತೆ. ಆಮೇಲೆ ಮಿಷನ್ ಹಾಕ್ಕೊಳ್ಳಿ, ಮಾತು ಕೇಳ್ಸುತ್ತೆ."

"ಪಿಯಾನೋ?"

"ಅದು ತಟ್ಟೆ ಬಡಿದ ಹಾಗೆ ಕೇಳಿಸ್ಬಹುದು. ನೀವು ನುಡಿಸ್ತೀರಾ?"

"ಇಲ್ಲ. ಕೇಳ್ತೀನಿ, ಅಷ್ಟೆ."

"ಇನ್ನೊಂದು ವಿಷಯ. ಯಾರಾದ್ರೂ ಹೇಳಿದ್ದು ಕೇಳಿಸದಿದ್ರೆ ಇನ್ನೊಂದ್ಸಲ ಹೇಳಿ ಅಂತ ಕೇಳಿ. ಸುಮ್ನೆ ತಲೆ ಆಡಿಸ್ಬೇಡಿ."

ನಾನು ತಲೆ ಆಡಿಸಿದೆ. ಎದುರಿಗಿದ್ದವರ ಬಾಯಿಯನ್ನೇ ನೋಡುವುದು ನನ್ನ ಕೆಲಸಕ್ಕೆ ಒಗ್ಗಿದ ಚಾಳಿ, ಹಾಗಾಗಿ ಇಷ್ಟು ದಿನ ಯಾರಿಗೂ ಗೊತ್ತಾಗದ ಹಾಗೆ ದಬ್ಬಿಕೊಂಡು ಬಂದಿದ್ದೇನೆ. "ಏನಂದ್ರಿ?" ಎಂದು ಕೇಳುವುದು ನನ್ನ ಜಾಯಮಾನದಲ್ಲಿಲ್ಲ. ಕೇಳಿದರೆ ಜನ ಕನಿಕರ ತೋರಿಸುತ್ತಾರೆ. ಕನಿಕರ ಕಂಡರೆ ನನಗೆ ಮೈ ಉರಿಯುತ್ತದೆ.

ಮನೆಗೆ ಬಂದು ಒಂದು ತೀರ್ಮಾನ ಮಾಡಿದೆ. ಬಲಗಿವಿ ಹೋಗುವ ಮೊದಲು ಒಂದೇ ಒಂದು ಪಿಯಾನೋ ಕೃತಿಯನ್ನು, ಅದರ ಒಂದೇ ಒಂದು ರೆಕಾರ್ಡಿಂಗನ್ನು ಆರಿಸಿಕೊಂಡು ಬಾಯಿಪಾಠ ಮಾಡಿಬಿಡಬೇಕು. ಆಮೇಲೆ ಕಿವಿ ಬೇಕಾಗುವುದಿಲ್ಲ, ತಲೆಯೊಳಗೇ ಹಾಕಿಕೊಂಡು ಕೇಳಬಹುದು. ಕೃತಿ ಯಾವುದು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಅದನ್ನು ಬರೆದವರ ಹೆಸರು ಹೇಳಹೋದರೆ ನನ್ನ ನಾಲಿಗೆ ಗಂಟು ಬೀಳುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು ಇಸ್ತ್ರಿ ಹಾಡು.

ಅಪ್ಪ ಅಂಚೆ ಕಚೇರಿಯಲ್ಲಿ ಮೊಹರು ಹೊಡೆಯುವವರು. ಸಂಗೀತಕ್ಕೂ ಅವರಿಗೂ ಯಾವ ನಂಟೂ ಇರಲಿಲ್ಲ. ಯಾವುದೋ ಕ್ಲಬ್ಬು ಮುಚ್ಚುವಾಗ ಅಗ್ಗಕ್ಕೆ ಸಿಕ್ಕಿತೆಂದು ಒಂದು ಹಳೇ ರೆಕಾರ್ಡ್ ಪ್ಲೇಯರ್ ಹೊತ್ತು ತಂದರು. ಅದರ ಮೇಲೆ ಯಾರೋ ಮರೆತುಬಿಟ್ಟ ರೆಕಾರ್ಡ್ ಒಂದಿತ್ತು, ಜೊತೆಗೆ ಅದರ ಕಂದು ರಟ್ಟು. ಕಿಟಕಿಯಾಚೆ ನೋಡುತ್ತಿರುವ ಒಬ್ಬ ಮನುಷ್ಯನ ಬೆನ್ನು ಮಾತ್ರ ಆ ರಟ್ಟಿನ ಮೇಲೆ ಕಾಣುತ್ತಿತ್ತು. ಇನ್ನೊಂದು ರೆಕಾರ್ಡ್ ತರೋಣವೆಂದರೆ ಅಪ್ಪ, "ಇಸ್ತ್ರಿಪೆಟ್ಟಿಗೆ ಒಂದೇ ಇರೋದು, ಹಾಡು ಯಾಕೆ ಎರಡು?" ಎನ್ನುತ್ತಿದ್ದರು. ಅಮ್ಮ ಹೋದ ಮೇಲೆ ಭಾನುವಾರದ ಸಂಜೆ ಮೂವರ ಬಟ್ಟೆಗೂ ಇಸ್ತ್ರಿ ಹಾಕುವುದು ಅವರ ಪಾಲಿಗೆ ಬಂದಿತ್ತು. ನಾನು ನೀರು ಚಿಮುಕಿಸಬೇಕು, ಅಣ್ಣ ಮಡಚಬೇಕು. ಮೊದಲು ಕಾಲರ್, ಆಮೇಲೆ ಹೆಗಲು, ತೋಳು, ಕೊನೆಗೆ ಬೆನ್ನು. ಆ ಹಾಡಿನಲ್ಲಿ ಎಡಗೈ ಮೂರು ಮೆಟ್ಟಿಲು ಇಳಿಯುತ್ತದೆ, ಬಲಗೈ ಇಳಿಯಲೋ ಬೇಡವೋ ಎಂದು ಮೇಲೇ ನಿಂತಿರುತ್ತದೆ. ಎಡಗೈ ಕೆಳಗೆ ಮುಟ್ಟುವಷ್ಟರಲ್ಲಿ ಅಪ್ಪ ಕಾಲರ್ ಮುಗಿಸಿರುತ್ತಿದ್ದರು. ನನಗೆ ಆ ಹೊತ್ತಿನಲ್ಲಿ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಹಾಗೆ ಸಿಟ್ಟಿಲ್ಲದೆ ಕೂತಿದ್ದದ್ದು ಜೀವಮಾನದಲ್ಲಿ ಅಲ್ಲಿ ಮಾತ್ರ.

ಅದೇ ಹಾಡನ್ನು ಬೇರೆ ಬೇರೆಯವರು ನುಡಿಸಿದ್ದೆಲ್ಲ ಇಷ್ಟು ವರ್ಷಗಳಲ್ಲಿ ನನ್ನ ಕಪಾಟು ತುಂಬಿಸಿದೆ. ಒಬ್ಬ ಬಸ್ಸು ತಪ್ಪಿಹೋಗುತ್ತದೆಂದು ಓಡುತ್ತಾನೆ. ಇನ್ನೊಬ್ಬಳು ಒಂದೊಂದು ಸ್ವರಕ್ಕೂ ಕಣ್ಣೀರು ಹಾಕುತ್ತಾಳೆ, ಸತ್ತವರು ಯಾರೆಂದು ಮಾತ್ರ ತಿಳಿಯುವುದಿಲ್ಲ. ಮತ್ತೊಬ್ಬ ಮಹಾನುಭಾವ ನುಡಿಸುತ್ತ ನುಡಿಸುತ್ತ ತಾನೇ ಗೊಣಗುತ್ತಾನೆ. ಅಷ್ಟು ಬೇಸರವಾಗಿದ್ದರೆ ಎದ್ದು ಹೋಗಬಾರದಿತ್ತೇ? ಪಿಯಾನೋ ಹುಟ್ಟುವುದಕ್ಕೂ ಮೊದಲಿನ ಯಾವುದೋ ವಾದ್ಯದಲ್ಲಿ ನುಡಿಸಿದ್ದೂ ಇದೆ, ಅದು ಅಡುಗೆಮನೆಯಲ್ಲಿ ಚಮಚ ಎಣಿಸಿದ ಹಾಗಿದೆ. ಎಲ್ಲರೂ ದೊಡ್ಡವರೇ ಇರಬೇಕು. ಆದರೆ ಒಬ್ಬರದ್ದೂ ಇಸ್ತ್ರಿ ಹಾಡಲ್ಲ.

ಹಳೇ ರೆಕಾರ್ಡ್ ಅಂಗಡಿಯವನಿಗೆ ಕಂದು ರಟ್ಟಿನ ಗುರುತು ಹೇಳಿಟ್ಟಿದ್ದೆ. ಡಾಕ್ಟರ ಹತ್ತಿರ ಹೋಗಿಬಂದ ವಾರವೇ ಅವನು ಫೋನ್ ಮಾಡಿದ. ಓಡಿದೆ. ಅದೇ ರಟ್ಟು, ಅದೇ ಕಿಟಕಿ, ಅದೇ ಬೆನ್ನು. ಬಲಗಿವಿಯನ್ನು ಸ್ಪೀಕರಿಗೆ ಆನಿಸಿಕೊಂಡು ನಿಂತೆ. ಎಡಗೈ ಮೂರು ಮೆಟ್ಟಿಲನ್ನು ಧಡಧಡನೆ ಇಳಿದುಬಿಟ್ಟಿತು. ಅಷ್ಟರಲ್ಲಿ ಅಪ್ಪ ಕಾಲರ್ ಬಿಡಿಸಿಕೊಂಡೂ ಇರುತ್ತಿರಲಿಲ್ಲ.

"ಇದಲ್ಲ," ಎಂದೆ.

"ಇದೇ ಮೇಡಂ. ನೀವು ಹೇಳಿದ್ದು ಇದನ್ನೇ. ಈ ಮನುಷ್ಯ ಇದನ್ನ ರೆಕಾರ್ಡ್ ಮಾಡಿರೋದೇ ಒಂದು ಸಲ."

"ಅಲ್ಲ ಅಂದ್ನಲ್ಲ."

"ನಾನೇನು ಕಿವುಡರ ಮುಂದೆ ಕಿನ್ನರಿ ಬಾರಿಸ್ತಾ ಇದೀನಾ?" ಎಂದು ಅವನು ನಕ್ಕ. ಪಾಪ, ಅವನಿಗೇನು ಗೊತ್ತು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಸ್ವಲ್ಪ ಯೋಚಿಸಿ, "ನಿಮ್ಮನೆ ಮಿಷನ್ನು ಹಳೇದಾ? ಒಳಗಡೆ ಒಂದು ರಬ್ಬರ್ ಬೆಲ್ಟ್ ಇರುತ್ತೆ. ಅದು ಸಡಿಲ ಆದ್ರೆ ತಟ್ಟೆ ನಿಧಾನಕ್ಕೆ ತಿರುಗುತ್ತೆ, ಹಾಡು ಉದ್ದ ಆಗುತ್ತೆ, ಶ್ರುತೀನೂ ಇಳಿಯುತ್ತೆ. ನೀವು ಕೇಳಿರೋದು ಇದನ್ನೇ, ಸಡಿಲ ಬೆಲ್ಟಲ್ಲಿ. ಬೇಕಾದ್ರೆ ಕಂಪ್ಯೂಟರಲ್ಲಿ ಹಾಕಿ ನಿಧಾನ ಮಾಡ್ಕೊಡ್ತೀನಿ. ಎಷ್ಟು ನಿಧಾನ ಅಂತ ಹೇಳಿ," ಎಂದ.

ಎಷ್ಟು ನಿಧಾನ ಎಂದು ನಾನು ಹೇಗೆ ಹೇಳಲಿ? ಅದು ಅಪ್ಪನ ಕೈಗೆ ಗೊತ್ತಿತ್ತು. ಅಂಗಡಿಯಿಂದ ಹೊರಗೆ ಬಂದು ಫುಟ್‌ಪಾತಿನ ಮೇಲೆ ಪೆದ್ದಿಯ ಹಾಗೆ ನಿಂತೆ. ನನಗೆ ಬೇಕಾಗಿದ್ದ ರೆಕಾರ್ಡಿಂಗನ್ನು ಯಾರೂ ಮಾಡಿಯೇ ಇರಲಿಲ್ಲ. ಅದು ಇದ್ದದ್ದು ನಮ್ಮ ಮನೆಯ ಕೆಟ್ಟ ಯಂತ್ರದಲ್ಲಿ, ಆ ಯಂತ್ರ ಇದ್ದದ್ದು ಅಣ್ಣನ ಮನೆಯಲ್ಲಿ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ರೆಕಾರ್ಡಿನ ಸಮೇತ ತನ್ನ ಮನೆಗೆ ಒಯ್ದಿದ್ದ. ಕೇಳಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ. ಕೇಳಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ, ಹೋಗುವುದನ್ನು ಕಡಿಮೆ ಮಾಡಿದೆ. ಅತ್ತಿಗೆ ತೀರಿಕೊಂಡಾಗ ಹೋಗಿದ್ದೆ, ಅದೇ ದಿನ ವಾಪಸ್ಸು ಬಂದೆ. ಅಂದಿನಿಂದ ನಮ್ಮ ಮಾತೆಲ್ಲ ಫೋನಿನಲ್ಲೇ, ಬಿಪಿ ಮಾತ್ರೆ ತೊಗೊಂಡ್ಯಾ, ತೊಗೊಂಡೆ, ಸರಿ ಇಡ್ತೀನಿ. ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲವಾದ್ದರಿಂದ ಅಷ್ಟೇ ಸಾಕೆಂದು ನಾನೂ ಬೇಗ ಮುಗಿಸುತ್ತಿದ್ದೆ.

ಆ ದಿನ ಫೋನ್ ಮಾಡಿ, "ಭಾನುವಾರ ಬರ್ತೀನಿ, ಇಸ್ತ್ರಿ ಹಾಡು ಕೇಳ್ಬೇಕು," ಎಂದೆ. ಕಿವಿಯ ವಿಷಯ ಎತ್ತಲಿಲ್ಲ. ಆಚೆ ಕಡೆಯಿಂದ ಅಣ್ಣ ಏನೇನೋ ಹೇಳಿದ. ಕೇಳಿಸಿದ್ದು "ಬಾ, ಬಾ" ಮಾತ್ರ.

ಅಣ್ಣ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. ಕೆಟ್ಟದ್ದನ್ನು ಕೆಟ್ಟದ್ದಾಗಿಯೇ ಬಿಡುವ ಜಾತಿಯಲ್ಲ. ಬಾಗಿಲು ತೆಗೆದವನೇ ಮಕ್ಕಳ ಹಾಗೆ ಕೈ ಹಿಡಿದು ಎಳೆದುಕೊಂಡು ಹೋದ. ಟೇಬಲ್ಲಿನ ಮೇಲೆ ಯಂತ್ರ ಥಳಥಳ ಹೊಳೆಯುತ್ತಿತ್ತು.

"ನೀನು ಬರ್ತೀಯ ಅಂತ ವಾರವೆಲ್ಲ ಕೂತು ಸರಿಮಾಡ್ದೆ ಕಣೇ ಸಿಡುಕಿ. ಹೊಸ ಬೆಲ್ಟು, ಹೊಸ ಮುಳ್ಳು. ಸ್ಪೀಡು ಅಳತೆ ಇಟ್ಟು ನೋಡಿದೀನಿ, ಕೂದಲೆಳೆ ವ್ಯತ್ಯಾಸ ಇಲ್ಲ. ಅಪ್ಪನ ಕಾಲದಲ್ಲೂ ಇಷ್ಟು ಚೆನ್ನಾಗಿರ್ಲಿಲ್ಲ."

ಸಿಡುಕಿ ಎನ್ನುವುದು ಅಪ್ಪ ಇಟ್ಟ ಹೆಸರು. ಹಾಗೆ ಕರೆಯುವವನು ಈಗ ಇವನೊಬ್ಬನೇ.

"ಹಳೇ ಬೆಲ್ಟ್ ಎಲ್ಲಿ?"

"ತೆಗೀವಾಗ್ಲೇ ಪುಡಿಪುಡಿ ಆಯ್ತು. ಕಸಕ್ಕೆ ಹಾಕ್ದೆ. ಯಾಕೆ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೇಳದೆ ಒಯ್ದ, ಈಗ ಕೇಳದೆ ಸರಿಮಾಡಿದ. ಬೈಯಬೇಕೆಂದು ಬಾಯಿ ತೆರೆದವಳು ಅವನ ಉಗುರಿನ ಸಂದಿಯ ಎಣ್ಣೆ ನೋಡಿ ಮುಚ್ಚಿದೆ. ಅವನು ಮುಳ್ಳು ಇಳಿಸಿದ. ಅಂಗಡಿಯಲ್ಲಿ ಕೇಳಿದ್ದೇ ಇಲ್ಲಿಯೂ ಬಂತು, ಅದೇ ಧಡಧಡ. ಅಣ್ಣ ಹೊಗಳಿಕೆಗೆ ಕಾದು ನಿಂತಿದ್ದ. ನನಗೆ ಅಳು ಬಂದುಬಿಟ್ಟಿತು.

"ಇದಲ್ಲ ಅಣ್ಣ. ನಮ್ಮದು ನಿಧಾನ ಇತ್ತು. ಇದು ಯಾರದೋ ಮನೇದು."

ಅವನು ಹುಬ್ಬು ಗಂಟಿಕ್ಕಿ ಕೇಳುತ್ತ ನಿಂತ. ನಿಂತು ನಿಂತು ಅವನ ಮುಖವೂ ಇಳಿಯಿತು. ಅವನಿಗೂ ಗೊತ್ತಾಯಿತು. "ಹೌದಲ್ಲೇ," ಎಂದ. ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತು, ತಿರುಗುತ್ತಿದ್ದ ತಟ್ಟೆಯ ಅಂಚಿಗೆ ತೋರುಬೆರಳು ಒತ್ತಿದ. ಹಾಡು ನರಳಿ, ಜೋಲಿ ಹೊಡೆದು, ಕೆಳಗಿಳಿಯಿತು.

ನಾನು ಥಟ್ಟನೆ ಫೋನ್ ತೆಗೆದು ರೆಕಾರ್ಡ್ ಮಾಡಲು ಒತ್ತಿ ಅವನ ಮೊಣಕೈ ಹತ್ತಿರ ಇಟ್ಟೆ. "ಮೊದಲಿಂದ ಹಾಕು," ಎಂದೆ. ಟೇಬಲ್ಲಿನ ಖಾಲಿ ಜಾಗದಲ್ಲಿ ಇಲ್ಲದ ಅಂಗಿ ಹರಡಿದೆ. ಇಲ್ಲದ ಇಸ್ತ್ರಿಪೆಟ್ಟಿಗೆ ಹಿಡಿದೆ. ಅಪ್ಪನ ಹಾಗೆ ಎಡಗಡೆಯಿಂದ ಬಲಕ್ಕೆ ಎಳೆದೆ.

"ಇನ್ನೂ ನಿಧಾನ. ಇನ್ನೂ ಕಾಲರ್ ಮುಗಿದಿಲ್ಲ."

"ಈಗ?"

"ಜಾಸ್ತಿ ಆಯ್ತು. ಬಟ್ಟೆ ಸುಟ್ಟುಹೋಗುತ್ತೆ."

ಅವನು ನಕ್ಕ, ಬೆರಳು ನಡುಗಿತು, ಸ್ವರವೂ ನಡುಗಿತು. ಮತ್ತೆ ಮೊದಲಿಂದ. ಇನ್ನೊಂದು ಸಲ. ಎಷ್ಟು ಸಲವೋ. ಕೊನೆಗೊಮ್ಮೆ ಎಡಗೈ ಮೂರು ಮೆಟ್ಟಿಲು ಇಳಿದು ಕೆಳಗೆ ಮುಟ್ಟುವುದಕ್ಕೂ ನನ್ನ ಕೈ ಕಾಲರಿನ ತುದಿ ಮುಟ್ಟುವುದಕ್ಕೂ ಸರಿಹೋಯಿತು. ಬಂತು. ಇಸ್ತ್ರಿ ಹಾಡು ಬಂತು. ಹೆಗಲು ಬಂತು, ತೋಳು ಬಂತು. ಅವನಿಗೆ ಬೆನ್ನು ತಿರುಗಿಸಿ, ಬಲಗಿವಿಯನ್ನು ಸ್ಪೀಕರಿಗೆ ಕೊಟ್ಟು, ಕಣ್ಣು ಮುಚ್ಚಿಕೊಂಡು ಬಗ್ಗಿ ನಿಂತೆ. ಕೋಣೆಯಲ್ಲಿ ಬಿಸಿ ಹತ್ತಿ ಬಟ್ಟೆಯ ವಾಸನೆ ಬಂದ ಹಾಗಾಯಿತು. ಮೂವರೂ ಇದ್ದೆವು. ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಬೆನ್ನಿನ ಭಾಗ ಬರುವ ಮೊದಲೇ ಅವನ ಬೆರಳು ಸೋತಿತು. ಕೈ ತೆಗೆದ. ಹಾಡು ತನ್ನ ಪಾಡಿಗೆ ತಾನು ಓಡಿಹೋಗಿ ಮುಗಿಯಿತು. ತಿರುಗಿ ನೋಡಿದಾಗ ಅಣ್ಣ ಕೆಂಪಾದ ಬೆರಳ ತುದಿಯನ್ನು ನೋಡುತ್ತ ತಲೆ ತಗ್ಗಿಸಿ ಕೂತಿದ್ದ. ನಾನು ಫೋನ್ ಬ್ಯಾಗಿಗೆ ಹಾಕಿಕೊಂಡೆ. ಬಂದ ಕೆಲಸ ಆಗಿತ್ತು. "ಬರ್ತೀನಿ, ಬಸ್ಸಿದೆ," ಎಂದೆ. ಬಾಗಿಲವರೆಗೂ ಬಂದ. ಒಂದು ರಾತ್ರಿ ಇದ್ದು ಹೋಗು ಎಂದು ಬಾಯಿಮಾತಿಗಾದರೂ ಅನ್ನಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಉಜ್ಜುವ ಯಂತ್ರಗಳೆಲ್ಲ ನಿಂತ ಮೇಲೆ, ಸಾಲಾಗಿ ಬಾಯಿ ತೆರೆದು ಕೂತ ಪ್ಲಾಸ್ಟರ್ ದವಡೆಗಳ ನಡುವೆ ಕೂತು, ಹೆಡ್‌ಫೋನ್ ಹಾಕಿಕೊಂಡು ಬಾಯಿಪಾಠ ಶುರುಮಾಡಿದೆ. ಧ್ವನಿ ಪೂರ್ತಿ ಏರಿಸಿದೆ. ಪಿಯಾನೋ ದೂರವಿತ್ತು, ಮಾತು ಹತ್ತಿರವಿತ್ತು. ಬಟ್ಟೆ ಸುಟ್ಟುಹೋಗುತ್ತೆ ಎಂದು ನಾನು ಅನ್ನುವುದು, ಅವನು ನಗುವುದು. ಆಮೇಲೆ ಕಾಲರ್, ಹೆಗಲು. ತೋಳಿನ ಹತ್ತಿರ ಅಣ್ಣನ ದನಿ ಇತ್ತು, ಬಹಳ ಸಣ್ಣಗೆ. ಕೋಣೆಯಲ್ಲಿ ನನಗೆ ಅದು ಕೇಳಿಸಿಯೇ ಇರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ.

"ಸಿಡುಕೀ, ಇವತ್ತೊಂದಿನ ಇದ್ದು ಹೋಗೇ. ನಿಮ್ಮತ್ತಿಗೆ ಹೋದ್ಮೇಲೆ ಸಂಜೆ ಕಳೆಯೋದು ಬಹಳ ಕಷ್ಟ ಆಗುತ್ತೆ ನನಗೆ."

ಸ್ವಲ್ಪ ಹೊತ್ತು ಬರೀ ಪಿಯಾನೋ. ನನ್ನ ಉತ್ತರಕ್ಕೆ ಅವನು ಕಾದದ್ದು ಅಷ್ಟು ಹೊತ್ತು. ಆಮೇಲೆ, ಇನ್ನೂ ಸಣ್ಣಗೆ, "ಆಗ್ಲಿ ಬಿಡು. ನಿನಗೂ ಕೆಲಸ ಇರುತ್ತೆ." ಬೆರಳು ತೆಗೆದ ಸದ್ದು. ಹಾಡು ಓಡಿತು.

ಆ ಜಾಗವನ್ನು ಮತ್ತೆ ಮತ್ತೆ ಹಾಕಿದೆ. ಬಾಯಿಪಾಠವಾದದ್ದು ಅದೊಂದೇ. ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟು ಅಣ್ಣನಿಗೆ ಫೋನ್ ಮಾಡಿದೆ. ಬಲಗಿವಿಗೆ ಒತ್ತಿ ಹಿಡಿದೆ.

"ಅಣ್ಣ, ನಿನ್ನೆ ನೀನು ಇರು ಅಂದಿದ್ದು ನನಗೆ ಕೇಳಿಸ್ಲಿಲ್ಲ. ಬೇಕೂಂತ ಸುಮ್ನಿದ್ದಿದ್ದಲ್ಲ. ನನಗೆ ಕಿವಿ ಹೋಗ್ತಾ ಇದೆ."

ಆಚೆ ಕಡೆ ಅವನು ಏನೋ ಹೇಳಿದ. ಗುಜುಗುಜು ಎಂದಿತು ಅಷ್ಟೆ, ಒಂದು ಅಕ್ಷರವೂ ತಿಳಿಯಲಿಲ್ಲ. ರೂಢಿಯಂತೆ ಹ್ಞೂಂ ಎನ್ನಲು ಬಾಯಿ ತೆರೆದೆ, ತಡೆದುಕೊಂಡೆ.

"ಏನಂದೆ ಅಣ್ಣ?" ಎಂದೆ. "ಕೇಳಿಸ್ಲಿಲ್ಲ. ಜೋರಾಗಿ ಹೇಳು."