ಹದಿನೈದು ದಿನ ನೀರು ಮುಟ್ಟದ ಕೈ

ರಾಣಿಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಹತ್ತನೇ ತರಗತಿ ಪಾಸಾದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಮುಂದಿನ ತಿಂಗಳೇ ಅವಳು ಕೊಳ್ಳೇಗಾಲದ ಗುರುಮಲ್ಲಪ್ಪನ ರೇಷ್ಮೆ ಕಾರ್ಖಾನೆಗೆ ಸೇರಿದಳು. ಬೇಸಿನ್‌ನ ಸುಡುನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಬೆರಳು ಅದ್ದಿ ಎಳೆಯ ತುದಿ ಹಿಡಿಯಬೇಕು, ರಾಟೆಗೆ ಕೊಡಬೇಕು, ಕಡಿದರೆ ಮತ್ತೆ ಅದ್ದಬೇಕು. ಒಂಬತ್ತು ವರ್ಷ ಹೀಗೇ ಅದ್ದಿ ಅದ್ದಿ ಬೆರಳ ತುದಿಗಳು ಬೆಂದ ಬದನೆಕಾಯಿಯ ಸಿಪ್ಪೆಯಂತಾಗಿದ್ದವು. ಅದರಿಂದ ಏನೂ ತೊಂದರೆಯಾಗಿರಲಿಲ್ಲ, ಕೋಮಲ ಸಿಗುವವರೆಗೆ.

ಕೋಮಲ ಹನೂರು ಕಡೆಯವಳು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ಕುಳಿತು, ಓದು ಬಿಟ್ಟವರನ್ನು ಹುಡುಕಿ ಓದಿಗೆ, ಕೆಲಸಕ್ಕೆ ಅರ್ಜಿ ಹಾಕಿಸುತ್ತಿದ್ದಳು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಯ ತರಬೇತಿ ಇದೆ, ಆರು ತಿಂಗಳು, ಊಟ ವಸತಿ ಅವರದೇ, ಮುಗಿಸಿದವರಿಗೆ ಅಲ್ಲೇ ಕೆಲಸ ಎಂದು ರಾಣಿಗೆ ಹೇಳಿದವಳು ಅವಳೇ. ಹತ್ತನೇ ತರಗತಿ ಸಾಕು. ಆದರೆ ಇಪ್ಪತ್ತೈದು ತುಂಬಿರಬಾರದು. ರಾಣಿಗೆ ಮುಂದಿನ ತಿಂಗಳು ಇಪ್ಪತ್ತೈದು.

ಹೆಸರು ನೋಂದಾಯಿಸಲು ಆಧಾರ್ ಗುರುತಿಗೆ ಬೆರಳು ಒತ್ತಬೇಕಿತ್ತು. ಕಂಪ್ಯೂಟರ್ ಕೇಂದ್ರದ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಒರೆಸಿ ಇಟ್ಟಳು, ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ಕೆಂಪು ದೀಪವೇ. ಹತ್ತು ಬೆರಳಿಗೂ ಕೆಂಪು ದೀಪ.

"ರೇಖೆನೇ ಇಲ್ಲ ಮೇಡಂ ಇವರ್ಗೆ," ಎಂದ ಕಂಪ್ಯೂಟರ್ ಮುಂದಿದ್ದ ನಾಗರಾಜು. "ನುಣ್ಣಗೆ ಗೋಲಿ ಇದ್ದಂಗೆ ಅವೆ."

ಕೋಮಲ ಯೋಚಿಸಿದಳು. ಗಾರೆ ಕೆಲಸದ ಹೆಂಗಸರಿಗೆ ಹೀಗೇ ಆಗಿತ್ತು, ಕೈಗೆ ವಿಶ್ರಾಂತಿ ಕೊಟ್ಟ ಮೇಲೆ ರೇಖೆ ಮರಳಿತ್ತು. ಕೊನೆಯ ದಿನಕ್ಕೆ ಇನ್ನೂ ಹದಿನೈದು ದಿನವಿತ್ತು. "ಅಲ್ಲೀವರೆಗೆ ಬಿಸಿನೀರು ಮುಟ್ಟಬೇಡ ರಾಣಿ. ಪಾತ್ರೆ ತೊಳೀಬೇಡ, ಬಟ್ಟೆ ಒಗೀಬೇಡ. ದಿನಾ ಕೊಬ್ಬರಿ ಎಣ್ಣೆ ಹಚ್ಚು. ಚರ್ಮ ತಾನಾಗೇ ಬರುತ್ತೆ."

ರಾಣಿ ರಜೆ ಕೇಳಿದಾಗ ಗುರುಮಲ್ಲಪ್ಪ ಇಲ್ಲವೆನ್ನಲಿಲ್ಲ. "ಬೇಸಿನ್ ಖಾಲಿ ಬುಡಕಾಯ್ತದಾ ಕಣಮ್ಮಿ? ನಿನ್ ಬದ್ಲು ಯಾರ್ನಾರ ನಿಲ್ಸು. ಇಲ್ದಿದ್ರೆ ನಾನೇ ಬೇರೆಯೋರ್ನ ನಿಲ್ಸ್ಕತೀನಿ," ಎಂದ. ಮೈಸೂರು ಕೈತಪ್ಪಿದರೆ ಬೇಸಿನ್ ಆದರೂ ಇರಲಿ ಎಂದು ಅವಳ ತಾಯಿ ದೊಡ್ಡಬಸಮ್ಮ ಕಳೆ ಕೀಳುವ ಕೂಲಿ ಬಿಟ್ಟು ಮಗಳ ಜಾಗದಲ್ಲಿ ನಿಂತಳು.

ರಾಣಿ ಮನೆಯಲ್ಲಿ ಉಳಿದಳು.

ಮೊದಲ ದಿನ ಮಧ್ಯಾಹ್ನದವರೆಗೆ ಮಲಗಿದಳು. ಎರಡನೆಯ ದಿನ ಬೀದಿಯ ಈ ತುದಿಯಿಂದ ಆ ತುದಿಗೆ ಆರು ಸಲ ನಡೆದಳು. ಮೂರನೆಯ ದಿನದಿಂದ ಕೈಗಳು ಅವಳ ಮಾತು ಕೇಳುವುದನ್ನು ಬಿಟ್ಟವು. ಚಾಪೆಯ ಅಂಚು ಬಿಚ್ಚಿದವು. ಸೆರಗಿನ ದಾರ ಎಳೆದವು. ನಿದ್ದೆಯಲ್ಲಿ ಗಾಳಿಯನ್ನು ತಡಕಾಡಿದವು.

ಪಕ್ಕದ ಮನೆಯ ರಂಗಮ್ಮ ಪಾಪ, ರಾಣಿಯ ಮನೆಯ ಪಾತ್ರೆಯನ್ನೂ ತಾನೇ ತೊಳೆದುಕೊಡುತ್ತಿದ್ದಳು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ಏನಮ್ಮಿ, ಮೈಸೂರು ಮಾರಾಣಿ! ಕೈಗ್ ಎಣ್ಣೆ ಬಳ್ಕಂಡು ಕುಂತಿದ್ದೀಯಲ್ಲ. ಒಸಿ ನನ್ ತಲ್ಗೂ ತಿಕ್ಕು ಬಾ, ನಿನ್ ಬೆರಳ್ಗೂ ಆಯ್ತದೆ, ನನ್ ಮಂಡೆಗೂ ಆಯ್ತದೆ."

ರಾಣಿ ತಿಕ್ಕಿದಳು. ಆ ಅರ್ಧ ಗಂಟೆ ಹೇಗೋ ಕಳೆಯಿತು.

ಹತ್ತನೆಯ ದಿನ ಕಿಟಕಿಯ ಬೆಳಕಿಗೆ ಬೆರಳು ಹಿಡಿದಳು. ಹೆಬ್ಬೆಟ್ಟಿನ ಮೇಲೆ ಸಣ್ಣ ಗೆರೆಗಳು, ಉತ್ತು ಬಿಟ್ಟ ಹೊಲದಂತೆ. ರಂಗಮ್ಮನನ್ನು ಕೂಗಿ ತೋರಿಸಿದಳು. "ಅವೆ ಕಣಮ್ಮಿ, ಅವೆ!" ಎಂದಳು ರಂಗಮ್ಮ. ಅವಳಿಗೆ ಕನ್ನಡಕವಿಲ್ಲದೆ ಗೆರೆಯಿರಲಿ, ಬೆರಳೇ ಸರಿಯಾಗಿ ಕಾಣುವುದಿಲ್ಲ.

ಹನ್ನೊಂದನೆಯ ದಿನ ದೊಡ್ಡಬಸಮ್ಮ ಬುತ್ತಿ ಮರೆತು ಹೋದಳು. ರಾಣಿ ತೆಗೆದುಕೊಂಡು ಹೋದಳು. ಕಾರ್ಖಾನೆಯೊಳಗೆ ಅದೇ ಹಬೆ, ಸತ್ತ ಹುಳುಗಳ ಅದೇ ವಾಸನೆ. ತಾಯಿ ಬೇಸಿನ್ ಮೇಲೆ ಬಗ್ಗಿದ್ದಳು. ಐವತ್ತರ ಕಣ್ಣಿಗೆ ಎಳೆ ಸಿಗದೆ ಗೂಡುಗಳನ್ನು ಸುಮ್ಮನೆ ಕಲಕುತ್ತಿದ್ದಳು. ಬೆರಳುಗಳು ಕೆಂಪಗೆ ಉಬ್ಬಿದ್ದವು. ಎಳೆ ಕಡಿಯಿತು, ರಾಟೆ ಬರಿದೇ ತಿರುಗಿತು. ರಾಣಿ ಬುತ್ತಿ ಕೆಳಗಿಟ್ಟಳು. ಎರಡೂ ಕೈ ನೀರಿಗಿಳಿದವು, ತುದಿ ಹಿಡಿದವು, ರಾಟೆಗೆ ಕೊಟ್ಟವು. ಇನ್ನೊಂದು ಕಡಿಯಿತು. ಅದನ್ನೂ ಹಿಡಿದವು.

"ಅಯ್ಯೋ, ಕೈ ತಗಿಯೇ!" ಎಂದು ದೊಡ್ಡಬಸಮ್ಮ ಕಿರುಚಿದಾಗಲೇ ಅವಳಿಗೆ ಎಚ್ಚರವಾದದ್ದು.

ಹತ್ತು ದಿನ ಎಣ್ಣೆ ಕುಡಿದ ಎಳೆಯ ಚರ್ಮ. ಸಂಜೆಯ ಹೊತ್ತಿಗೆ ಹತ್ತೂ ಬೆರಳಿಗೆ ಬೊಬ್ಬೆ ಎದ್ದಿತ್ತು. ತಾಯಿ, ಮಗಳು ಒಬ್ಬರನ್ನೊಬ್ಬರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಆದರೂ ಹದಿನೈದನೆಯ ದಿನ, ಅರ್ಜಿಯ ಕೊನೆಯ ದಿನ, ರಾಣಿ ಹೋದಳು. ನಾಗರಾಜು ಅವಳ ಬೆರಳು ನೋಡಿ ನಾಲಿಗೆ ಕಚ್ಚಿಕೊಂಡ. ಆಮೇಲೆ ಒಂದೊಂದಾಗಿ ಹತ್ತೂ ಇಡಿಸಿದ. ಹತ್ತಕ್ಕೂ ಕೆಂಪು.

"ಬೇರೆ ದಾರಿನೇ ಇಲ್ವಾ?" ಎಂದಳು ಕೋಮಲ.

"ಕಣ್ಣಲ್ಲಿ ಮಾಡ್ಬೋದು ಮೇಡಂ. ಆ ಮಿಷನ್ ನಮ್ಮತ್ರ ಇಲ್ಲ. ಯಳಂದೂರಲ್ಲಿ ಶಿವಕುಮಾರಸ್ವಾಮಿ ಅಂತ ಒಬ್ರತ್ರ ಅದೆ. ಐದ್ ಗಂಟ್ಗೆ ಬಾಗ್ಲಾಕ್ತಾರೆ."

"ಕಣ್ಣಲ್ಲಾ? ಅವತ್ತೇ ಹೇಳೋಕೇನಾಗಿತ್ತು?"

"ನೀವು ಬೆರಳು ಅಂದ್ರಿ, ನಾನ್ ಬೆರಳು ನೋಡ್ದೆ."

ಗಂಟೆ ಮೂರೂಮುಕ್ಕಾಲು. ಇಬ್ಬರೂ ನಿಲ್ದಾಣಕ್ಕೆ ಓಡಿದರು. ಹೊರಟಿದ್ದ ಬಸ್ಸಿನ ಬದಿಯನ್ನು ಕೋಮಲ ಪಟಪಟ ಬಡಿದಳು. ನಿರ್ವಾಹಕ ಬೈಯುತ್ತಲೇ ಬಾಗಿಲು ತೆಗೆದ. ಊರು ದಾಟುತ್ತಿದ್ದಂತೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂತು. ಅದು ತೆವಳಿತು, ಬಸ್ಸೂ ತೆವಳಿತು. ರಾಣಿ ಸೀಟಿನ ತುದಿಯಲ್ಲಿ ಕುಳಿತಳು, ಎದ್ದಳು, ಮತ್ತೆ ಕುಳಿತಳು.

"ತಪ್ಪು ನಂದು," ಎಂದಳು ಕೋಮಲ ಕಿಟಕಿಯ ಕಡೆ ಮುಖ ಮಾಡಿ. "ಗಾರೆ ಕೆಲಸದವರ ಕೈ ಗೊತ್ತಿತ್ತು ನಂಗೆ. ನಿನ್ ಕೈ ಗೊತ್ತಿರಲಿಲ್ಲ. ಗೊತ್ತಿರೋ ಹಾಗೆ ಹೇಳಿಬಿಟ್ಟೆ."

ರಾಣಿಗೆ ಸಿಟ್ಟು ಬಂತು. ಹದಿನೈದು ದಿನದ ಸಿಟ್ಟು. ಅವ್ವನ ಉಬ್ಬಿದ ಬೆರಳುಗಳು ಕಣ್ಣ ಮುಂದೆ ಬಂದವು. ಬಾಯಿ ತೆರೆದಳು. ಆದರೆ ಹೊರಗೆ ಬಂದದ್ದು ಬೇರೆ ಮಾತು. "ಆ ಟ್ರ್ಯಾಕ್ಟ್ರನೋನ್ಗೆ ಒಸಿ ಕೂಗಿ ಏಳಕ್ಕ, ಪಕ್ಕಕ್ ಓಗು ಅಂತ."

ಕೋಮಲ ನಿಜವಾಗಿಯೂ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

ಯಳಂದೂರಿನಲ್ಲಿ ಇಳಿದಾಗ ಐದಕ್ಕೆ ಹದಿನೆಂಟು ನಿಮಿಷ. ಶಿವಕುಮಾರಸ್ವಾಮಿ ಚಪ್ಪಲಿ ಮೆಟ್ಟಿ ಟೀ ಕುಡಿಯಲು ಹೊರಟಿದ್ದ. ರಾಣಿಯ ಕೈ ನೋಡಿ, ಏನೂ ಕೇಳದೆ ಒಳಗೆ ತಿರುಗಿದ.

"ಇದ್ರೊಳಗೆ ನೋಡವ್ವ. ಮಿಟುಕಿಸ್ಬ್ಯಾಡ. ಅಲ್ಲಾಡ್ಬ್ಯಾಡ."

ಮೊದಲ ಸಲ ಅವಳು ಅಲ್ಲಾಡಿದಳು. ಎರಡನೆಯ ಸಲ ರೆಪ್ಪೆ ಬಡಿದಳು. ಮೂರನೆಯ ಸಲ ಕಣ್ಣಲ್ಲಿ ನೀರು ತುಂಬಿತು.

"ಏನ್ ತಾಯಿ, ಕಣ್ಣಾ ಕೆರೆಯಾ ಅದು? ಒರ್ಸ್ಕ. ಉಸ್ರು ಬುಡು. ಊಂ, ಈಗ ನೋಡು."

ಕೋಮಲ ಹಿಂದಿನಿಂದ ಅವಳ ಎರಡೂ ಭುಜ ಹಿಡಿದಳು. ರಾಣಿ ನೋಡಿದಳು. ಕಪ್ಪು ಗಾಜು. ಅದರಲ್ಲಿ ಏನೂ ಇರಲಿಲ್ಲ, ಹಿಡಿಯುವುದಕ್ಕೆ ಒಂದು ತುದಿಯೂ ಇರಲಿಲ್ಲ. ಸುಮ್ಮನೆ ನೋಡಿದಳು. ಯಂತ್ರ ಪೀಂ ಎಂದಿತು.

"ಬಂತು," ಎಂದ ಶಿವಕುಮಾರಸ್ವಾಮಿ. ಚಪ್ಪಲಿ ಕಾಲಲ್ಲೇ ಇತ್ತು. ಟೀ ಕುಡಿಯಲು ಹೋದ.

ಕೋಮಲ ಅಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಅರ್ಜಿಯ ಉಳಿದ ಖಾಲಿ ಜಾಗಗಳನ್ನು ತುಂಬಿ ಕಳಿಸಿದಳು. ಐದಕ್ಕೆ ಮೂರು ನಿಮಿಷವಿದ್ದಾಗ ರಾಣಿಯ ಫೋನಿಗೆ ಸಂದೇಶ ಬಂತು. ಅರ್ಜಿ ಸ್ವೀಕಾರವಾಗಿದೆ, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ತರಬೇತಿಗೆ ಮೈಸೂರಿನಲ್ಲಿ ಹಾಜರಾಗಬೇಕು.

ರಾಣಿ ಅದನ್ನು ಎರಡು ಸಲ ಓದಿದಳು. ಎದ್ದು ನಿಂತಳು. "ಇವತ್ತು ಬುದ್ವಾರ ಅಲ್ವಾ ಅಕ್ಕ?"

"ಹೌದು. ಇನ್ನೂ ನಾಲ್ಕು ದಿನ ಇದೆ. ಮನೇಲಿ ಆರಾಮಾಗಿರು."

"ಇನ್ನೂ ನಾಕ್ ದಿನಾನಾ? ಸಾಕ್ ಬುಡಕ್ಕ, ಕುಂತಿದ್ದು." ರಾಣಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. "ನಾಳಿಂದ ಬೇಸಿನ್ ತಾವ ನಾನ್ ನಿಂತ್ಕತೀನಿ. ಅವ್ವ ಮನೇಲಿ ಮಲಿಕ್ಕಳ್ಳಿ."

"ಆ ಬೊಬ್ಬೆ ಇಟ್ಕೊಂಡಾ?"

"ಬಟ್ಟೆ ಸುತ್ಕತೀನಿ. ಬಾ ಅಕ್ಕ, ಬಸ್ ಓಯ್ತದೆ."